ದೇವರಗುಡ್ಡದ ಹೊತ್ತುಗೊತ್ತು

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಕಾಲವನ್ನು ಎಣಿಸುವ ರೀತಿ ಎಂದೂ ಒಂದೇ ಆಗಿರಲಿಲ್ಲ. ಗುಡ್ಡದ ಮೇಲಿನ ಮಾಲತೇಶನ ಗುಡಿ ನಡೆಯುತ್ತಿದ್ದುದು ತಿಥಿಯ ಮೇಲೆ, ಕೆಳಗಿನ ಎರೆ ಮತ್ತು ಮಸಾರಿ ಹೊಲಗಳು ನಡೆಯುತ್ತಿದ್ದುದು ಮಳೆ ನಕ್ಷತ್ರದ ಮೇಲೆ. ಚಾವಡಿಗೆ ಕಂದಾಯದ ಸಾಲು ಬೇಕಿತ್ತು. ಹುಬ್ಬಳ್ಳಿ–ಹರಿಹರ ರೈಲು ಹಾದಿ ಬಂದಮೇಲೆ ನಿಮಿಷವೂ ಬೇಕಾಯಿತು. ಹೊಸದು ಬಂದಾಗ ಹಳೆಯದು ಅಳಿಯಲಿಲ್ಲ. ಒಂದೊಂದು ಲೆಕ್ಕವನ್ನೂ ಅದರಿಂದ ಏನಾದರೂ ಕೊಡಬೇಕಾದವರು ಇಲ್ಲವೇ ಪಡೆಯಬೇಕಾದವರು ಕಾಯ್ದುಕೊಂಡು ಬಂದರು. ಈ ಸೀಮೆಯಲ್ಲಿ ಕಾಲದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಕೊಡು-ಕೊಳ್ಳುವಿಕೆಯ ಇತಿಹಾಸ.

ದಿನದ ಒಳಗಿನ ಹೊತ್ತನ್ನು ಅಳೆಯಲು ಊರಿನವರಿಗೆ ಸಲಕರಣೆ ಬೇಕಿರಲಿಲ್ಲ. ಕೋಳಿ ಕೂಗುವ ಹೊತ್ತು, ಬೆಳ್ಳಿ ಮೂಡುವ ಹೊತ್ತು, ದನ ಬಿಡುವ ಹೊತ್ತು, ಬುತ್ತಿ ಹೊತ್ತು, ದೀಪ ಹಚ್ಚುವ ಹೊತ್ತು ಎಂಬ ಗುರುತುಗಳು ಸಾಕಾಗುತ್ತಿದ್ದವು. ಬೆಳಗಿನ ಸೂರ್ಯ ಎಷ್ಟು ಏರಿದ್ದಾನೆಂಬುದನ್ನು ಮಾರುಗಳಲ್ಲಿ ಹೇಳುವ ವಾಡಿಕೆಯಿತ್ತು. ಇಂಥ ಹೊತ್ತುಗಳು ಬೇಸಿಗೆಯಲ್ಲಿ ಹಿಗ್ಗುತ್ತವೆ, ಚಳಿಗಾಲದಲ್ಲಿ ಕುಗ್ಗುತ್ತವೆ. ಈ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು ಸುಮಾರು ಹನ್ನೊಂದೂಕಾಲು ಗಂಟೆ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನಿಂತವನ ನೆರಳು ಅವನ ಕಾಲಡಿಯೇ ಅಡಗುತ್ತದೆ. ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ನೆರಳು ತೆಂಕಣಕ್ಕೆ ಚಾಚುತ್ತದೆ, ಉಳಿದ ಕಾಲದಲ್ಲಿ ಬಡಗಣಕ್ಕೆ.

ಕರಾರುವಾಕ್ಕಾದ ಅಳತೆ ಬೇಕಾಗುತ್ತಿದ್ದುದು ಮದುವೆಯ ಮುಹೂರ್ತಕ್ಕೆ, ಗ್ರಹಣಕ್ಕೆ, ಮಗು ಹುಟ್ಟಿದ ಗಳಿಗೆಗೆ. ಅದಕ್ಕೆ ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತೆಳುವಾದ ತಾಮ್ರದ ಬಟ್ಟಲನ್ನು ನೀರು ತುಂಬಿದ ಅಗಲವಾದ ಪಾತ್ರೆಯಲ್ಲಿ ತೇಲಬಿಡುತ್ತಾರೆ. ತೂತಿನಿಂದ ನೀರು ಮೇಲೇರುತ್ತ ಹೋಗಿ, ಅಂಚು ಮಟ್ಟಕ್ಕೆ ಬಂದ ಕೂಡಲೇ ಬಟ್ಟಲು ಗುಳುಕ್ಕೆಂದು ಮುಳುಗುತ್ತದೆ. ಅಲ್ಲಿಗೆ ಒಂದು ಗಳಿಗೆ, ಈಗಿನ ಲೆಕ್ಕದಲ್ಲಿ 24 ನಿಮಿಷ. ಕಾಯುತ್ತ ಕುಳಿತವನು ಅದನ್ನು ಎತ್ತಿ, ಚೆಲ್ಲಿ, ಮತ್ತೆ ತೇಲಬಿಟ್ಟು, ಗೋಡೆಗೋ ಹಲಗೆಗೋ ಒಂದು ಗೆರೆ ಎಳೆಯಬೇಕು. ಹೀಗೆ ಹಗಲು ರಾತ್ರಿ ಸೇರಿ 60 ಸಲ ಮುಳುಗುವ ಬಟ್ಟಲೇ ಸರಿಯಾದ ಬಟ್ಟಲು ಎಂದು ಸೂರ್ಯಸಿದ್ಧಾಂತ ಹೇಳುತ್ತದೆ. ಏಳೂವರೆ ಗಳಿಗೆಗೆ ಒಂದು ಜಾವ; ಗಳಿಗೆಯ ಅರವತ್ತನೇ ಒಂದು ಪಾಲು ವಿಗಳಿಗೆ. ತೂತಿಗೆ ಕಸ ಕೂತರೆ ಗಳಿಗೆ ಉದ್ದವಾಗುತ್ತದೆ, ಸವೆದು ಅಗಲವಾದರೆ ಗಿಡ್ಡವಾಗುತ್ತದೆ. ಆದ್ದರಿಂದ ನೀರನ್ನು ಸೋಸುವುದೂ ಲೆಕ್ಕ ಇಡುವವನ ಕೆಲಸದಲ್ಲಿ ಸೇರಿತ್ತು. ಗೋಡೆ ಗಡಿಯಾರ ಬಂದು ಎಷ್ಟೋ ಕಾಲವಾದ ಮೇಲೂ ಮದುವೆ ಮನೆಗಳಲ್ಲಿ ಪುರೋಹಿತರು ಈ ಬಟ್ಟಲನ್ನು ಬಿಡಲಿಲ್ಲ.

ವಾರದ ಏಳು ದಿನಗಳು ಹೊರಗಿನಿಂದ ಬಂದು ಇಲ್ಲಿಯವೇ ಆಗಿಹೋದವು. ಭಾರತದಲ್ಲಿ ವಾರದ ಹೆಸರು ಹೇಳುವ ಅತಿ ಹಳೆಯ ಶಾಸನವೆಂದು ಸಾಮಾನ್ಯವಾಗಿ ಎಣಿಸುವುದು ಮಧ್ಯಪ್ರದೇಶದ ಎರಣದ್ದು, ಕ್ರಿ.ಶ. 484ರದು. ಕನ್ನಡ ಶಾಸನಗಳಲ್ಲಿ ಮುಂದೆ ಆದಿತ್ಯವಾರ, ಸೋಮವಾರ, ಬೃಹಸ್ಪತಿವಾರಗಳ ಜೊತೆಗೆ ಶನಿವಾರಕ್ಕೆ ವಡ್ಡವಾರ ಎಂಬ ಹೆಸರೂ ಸಿಗುತ್ತದೆ. ಮಾಲತೇಶ ಅಥವಾ ಮೈಲಾರಲಿಂಗನ ಒಕ್ಕಲಿಗೆ ಭಾನುವಾರ ಮುಖ್ಯ ದಿನ. ಮಣಿ-ಮಲ್ಲಾಸುರರನ್ನು ಕೊಂದ ಈ ದೇವರಿಗೆ ಮಾರ್ತಾಂಡ ಭೈರವನೆಂಬ ಹೆಸರೂ ಇದ್ದು, ಸೂರ್ಯನ ನಂಟು ಅದರಲ್ಲೇ ಇದೆ. ಮಹಾರಾಷ್ಟ್ರದ ಜೇಜೂರಿಯಲ್ಲಿ ಖಂಡೋಬನೆಂದು ಪೂಜೆಗೊಳ್ಳುವ ದೇವರಿಗೂ ಇದೇ ವಾರ. ವ್ಯಾಪಾರದ ವಾರವೇ ಬೇರೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು. ಕಾಯಿ ಆವಕ ಹೆಚ್ಚುವ ಜನವರಿಯಿಂದ ಮಾರ್ಚ್‌ವರೆಗೆ ಸುತ್ತಿನ ಹಳ್ಳಿಗಳ ವಾರವೆಲ್ಲ ಈ ಎರಡು ದಿನಗಳ ಸುತ್ತ ತಿರುಗುತ್ತದೆ.

ರೈತನಿಗೆ ತಿಂಗಳಿಗಿಂತ ಮಳೆಯೇ ಹತ್ತಿರದ ಅಳತೆ. ಸೂರ್ಯ 27 ನಕ್ಷತ್ರಗಳಲ್ಲಿ ಒಂದೊಂದರಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಮೇ ಕೊನೆಯ ರೋಹಿಣಿ, ಜೂನ್ 7–8ರ ಸುಮಾರಿಗೆ ಕೂಡುವ ಮೃಗಶಿರ, 21–22ಕ್ಕೆ ಆರಿದ್ರೆ. ಹೀಗೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆಗಳನ್ನು ದಾಟಿ ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್‌ನಲ್ಲಿ ಚಿತ್ತೆ ಮತ್ತು ಸ್ವಾತಿ. ಆರಿದ್ರೆ ಸುರಿದರೆ ದಾರಿದ್ರ್ಯವಿಲ್ಲ ಎಂಬಂಥ ಗಾದೆಗಳು ಒಂದೊಂದು ಮಳೆಗೂ ಇವೆ. ಇಂಗ್ಲಿಷ್ ತಾರೀಖು ಕೇಳಿದರೆ ತಡವರಿಸುವ ಮುದುಕರೂ ಯಾವ ಮಳೆಗೆ ಯಾವ ಕಾಳು ಬಿತ್ತಬೇಕು, ಯಾವುದು ಬಿತ್ತಿದರೆ ಕೆಟ್ಟಿತು ಎಂಬುದನ್ನು ಸರಾಗವಾಗಿ ಹೇಳುತ್ತಿದ್ದರು. ಕಾಲದ ಉದ್ದ ಕೂಡ ಈ ಮಳೆಗಳಲ್ಲಿ ಒಂದೇ ಸಮ ಇರಲಿಲ್ಲ. ಬಿತ್ತಿ ಮುಗಿಸಿ ಮೋಡ ನೋಡುತ್ತ ಕುಳಿತ ಹದಿನಾಲ್ಕು ದಿನಗಳೂ, ಕಳೆ ತೆಗೆಯಲು ಆಳು ಸಾಲದೆ ಓಡಾಡುವ ಹದಿನಾಲ್ಕು ದಿನಗಳೂ ಪಂಚಾಂಗದಲ್ಲಿ ಮಾತ್ರ ಸಮ.

ಈ ಲೆಕ್ಕದಲ್ಲಿ ನಿಧಾನವಾದ ಒಂದು ಜಾರುವಿಕೆ ಇದೆ. ಪಂಚಾಂಗದ ವರ್ಷ ನಕ್ಷತ್ರಗಳಿಗೆ ಕಟ್ಟುಬಿದ್ದದ್ದು, ಮಳೆಗಾಲ ಸೂರ್ಯನ ಉತ್ತರ-ದಕ್ಷಿಣ ಚಲನೆಗೆ ಕಟ್ಟುಬಿದ್ದದ್ದು. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುವುದರಿಂದ ಇವೆರಡರ ನಡುವೆ ಸುಮಾರು 70 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಮಕರ ಸಂಕ್ರಾಂತಿ ಡಿಸೆಂಬರ್ 21–22ರ ನಿಜವಾದ ಉತ್ತರಾಯಣದಿಂದ ದೂರ ಸರಿದು ಜನವರಿ 14–15ಕ್ಕೆ ಬಂದಿರುವುದು ಇದರಿಂದಲೇ. ಆರು ನೂರು ವರ್ಷ ಹಳೆಯ ಮಳೆ ಗಾದೆಯೊಂದು ಇದ್ದರೆ, ಅದು ಹೇಳುವ ಮಳೆ ಋತುವಿನ ಲೆಕ್ಕದಲ್ಲಿ ಎಂಟು ದಿನಕ್ಕೂ ಹೆಚ್ಚು ಸರಿದಿರುತ್ತದೆ. ಒಂದು ತಲೆಮಾರಿನ ಕಣ್ಣಿಗೆ ಬೀಳದ ಸರಿತವಿದು. ಮಳೆ ಮೊದಲಿನ ಹಾಗಿಲ್ಲ ಎಂಬ ಎಲ್ಲ ಕಾಲದ ಗೊಣಗಾಟಕ್ಕೆ ಇದು ಕಾರಣವಾಗಲಾರದು.

ದೇವರಗುಡ್ಡದ ವರ್ಷ ತಿರುಗುವುದು ದಸರೆಯಲ್ಲಿ. 1884ರ ಧಾರವಾಡ ಜಿಲ್ಲಾ ಗೆಝೆಟಿಯರ್ ಗುಡ್ಡಗುಡ್ಡಾಪುರ ಎಂಬ ಹೆಸರಿನಲ್ಲಿ ಈ ಊರನ್ನೂ ಇಲ್ಲಿನ ಮೈಲಾರನ ಗುಡಿಯನ್ನೂ ದಾಖಲಿಸಿದೆ. ಮಹಾನವಮಿಯಂದು ಇಲ್ಲಿ ಕಾರಣಿಕ ನಡೆಯುತ್ತದೆ. ಜನರ ಬಾಯಲ್ಲಿ ಅದು ಕಾರ್ಣಿಕ. ಕರಿ ಕಂಬಳಿ ತೊಟ್ಟು, ಭಂಡಾರ ಬಳಿದುಕೊಂಡು, ಡಮರು ಹಿಡಿದ ಗೊರವರು ಊರೂರಿನಿಂದ ಬಂದು ಸೇರುತ್ತಾರೆ. ಏಳು ಕೋಟಿಯ ಘೋಷ ಗುಡ್ಡವನ್ನೆಲ್ಲ ತುಂಬುತ್ತದೆ. ಹಲವು ದಿನ ಉಪವಾಸವಿದ್ದ ಗೊರವಯ್ಯ ಭಂಡಾರ ಎರಚುವ ಗುಂಪಿನ ನಡುವೆ, ನೆಟ್ಟಗೆ ಎತ್ತಿ ಹಿಡಿದ ಎತ್ತರದ ಬಿಲ್ಲಿನ ತುದಿಗೆ ಏರುತ್ತಾನೆ. ಅಲ್ಲಿಂದ ಸದ್ದಲೇ ಎಂದು ಕೂಗಿದೊಡನೆ ಸಾವಿರಾರು ಜನರ ಗದ್ದಲ ಒಮ್ಮೆಗೇ ನಿಲ್ಲುತ್ತದೆ. ನಾಲ್ಕೈದು ಪದಗಳ ಒಂದು ಮಾತು, ಕೊನೆಗೆ ಪರಾಕ್. ಮರುಕ್ಷಣವೇ ಅವನು ಬೆನ್ನು ಮಾಡಿ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಕಂಬಳಿಯಲ್ಲಿ ಹಿಡಿಯುತ್ತಾರೆ. ಇಡೀ ವರ್ಷದ ಮುನ್ನೋಟಕ್ಕೆ ಹಿಡಿಯುವ ಹೊತ್ತು ಅರ್ಧ ವಿಗಳಿಗೆಯೂ ಇರಲಾರದು.

ಆ ಮಾತಿನ ವ್ಯಾಕರಣ ಗಮನಿಸಬೇಕಾದದ್ದು. ಮುಂಬರುವ ವರ್ಷದ ಸಂಗತಿ ಎಂದು ಜನ ಕೇಳಿಸಿಕೊಳ್ಳುವ ಕಾರಣಿಕ ಬಹಳ ಸಲ ಭೂತಕಾಲದ ಕ್ರಿಯಾಪದದಲ್ಲಿ ಮುಗಿಯುತ್ತದೆ: ಆಗುತ್ತದೆ ಎನ್ನುವುದಿಲ್ಲ, ಆಯಿತಲೇ ಎನ್ನುತ್ತದೆ. ಮಾತು ಆಡಿದ ಗಳಿಗೆಗೆ ಮುಂದಿನ ವರ್ಷ ಆಗಲೇ ನಡೆದುಹೋಗಿದೆ, ಬಿಲ್ಲಿನ ತುದಿಯಲ್ಲಿ ನಿಂತವನಿಗೆ ಅದು ಕಂಡಿದೆ ಎಂಬುದು ಇದರ ಹಿಂದಿರುವ ಗ್ರಹಿಕೆ. ನಂಬುವವರು ನಂಬದವರು ಯಾರೇ ಇರಲಿ, ಅರ್ಥ ಹಚ್ಚುವ ಕೆಲಸ ಮಾತ್ರ ಹಿಮ್ಮುಖವಾಗಿಯೇ ನಡೆಯುತ್ತದೆ. ಕೇಳಿದ ದಿನ ಮಳೆ, ಬೆಳೆ, ಧಾರಣೆ, ರಾಜಕಾರಣ ಎಂದು ನಾಲ್ಕು ದಿಕ್ಕಿಗೆ ಎಳೆದಾಡಿದ ಮಾತು ಮುಂದಿನ ದಸರೆಯ ಹೊತ್ತಿಗೆ, ಆಗಿದ್ದಕ್ಕೆ ಹೊಂದಿಕೊಂಡು ಒಂದೇ ಅರ್ಥಕ್ಕೆ ಬಂದು ನಿಂತಿರುತ್ತದೆ. ಕಾರಣಿಕ ಸುಳ್ಳಾಯಿತು ಎಂಬ ಮಾತು ವಿರಳವಾಗಿರುವುದಕ್ಕೆ ಈ ಬಗೆಯ ಓದೇ ಸಾಕು.

ದಸರೆಗೆ ಕಾರಣಿಕ ಇರುವುದೂ ಸುಮ್ಮನಲ್ಲ. ಮುಂಗಾರಿನ ಫಲ ಕಣ್ಣೆದುರಿಗೆ ಬಂದು, ಹಿಂಗಾರಿನ ಬಿತ್ತನೆ ಕೈಯಲ್ಲಿರುವ ಕಾಲವದು. ಬ್ಯಾಡಗಿ ಸೀಮೆಯಲ್ಲಿ ಮೆಣಸಿನ ಗಿಡ ಹೊಲದಲ್ಲಿದ್ದು, ಕಾಯಿ ಎಷ್ಟು ಬಂದೀತು, ಧಾರಣೆ ಎಷ್ಟಾದೀತು ಎಂಬುದು ಇನ್ನೂ ಗೊತ್ತಿರುವುದಿಲ್ಲ. ತುಂಗಭದ್ರೆಯ ಆಚೆ ದಂಡೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಇನ್ನೊಂದು ಕಾರಣಿಕ ನಡೆಯುತ್ತದೆ. ಆಗ ಸುಗ್ಗಿ ಮುಗಿದಿರುತ್ತದೆ, ಮುಂದಿನ ಮುಂಗಾರು ದೂರವಿರುತ್ತದೆ. ಎರಡೂ ಕಡೆ ನಡೆಯುವ ಒಕ್ಕಲಿಗೆ ವರ್ಷವೆಂಬುದು ಈ ಎರಡು ಮಾತುಗಳ ನಡುವೆ ಎರಡು ಪಾಲಾಗಿರುತ್ತದೆ. ಭವಿಷ್ಯ ನೋಡುವ ಬೇರೆ ಹೊತ್ತುಗಳೂ ಇವೆ. ಯುಗಾದಿಗೆ ಪಂಚಾಂಗ ಶ್ರವಣವಾದರೆ, ಕಾರಹುಣ್ಣಿಮೆಯ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದೆ ಓಡಿತು ಎಂಬುದರ ಮೇಲೆ ಮುಂಗಾರು ಹೆಚ್ಚೋ ಹಿಂಗಾರು ಹೆಚ್ಚೋ ಎಂದು ಹೇಳುತ್ತಾರೆ.

ದಸರೆ ಚಂದ್ರನ ಲೆಕ್ಕದ್ದು, ಮಳೆ ಸೂರ್ಯನ ಲೆಕ್ಕದ್ದು. ಹನ್ನೆರಡು ಚಾಂದ್ರಮಾಸಗಳು ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ ಇರುವುದರಿಂದ ಹಬ್ಬ ವರ್ಷವರ್ಷವೂ ಹಿಂದೆ ಸರಿಯುತ್ತ, ಅಧಿಕಮಾಸ ಬಂದಾಗ ಒಮ್ಮೆಗೇ ಮುಂದಕ್ಕೆ ನೆಗೆಯುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ ಬಿತ್ತು. ಮೊದಲ ವರ್ಷ ಸ್ವಾತಿಯ ಬಾಗಿಲಲ್ಲಿ, ಎರಡನೆಯದು ಚಿತ್ತೆಯಲ್ಲಿ, ಮೂರನೆಯದು ಹಸ್ತದಲ್ಲಿ. ಕೊರಳುದ್ದ ಜೋಳದ ನಡುವೆ ದಾಟಿಕೊಂಡು ಗುಡ್ಡಕ್ಕೆ ಹೋಗುವ ವರ್ಷವೂ ಉಂಟು, ಅದೇ ಹೊಲ ಖಾಲಿಯಾಗಿರುವ ವರ್ಷವೂ ಉಂಟು. ಗುಡಿಯ ಹೊತ್ತು ಹೊಲದ ಹೊತ್ತು ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ಇಲ್ಲಿನವರಿಗೆ ರೂಢಿ.

ವರ್ಷಗಳಿಗೆ ಅಂಕಿಗಿಂತ ಹೆಸರು ಹೆಚ್ಚು ಬಳಕೆಯಲ್ಲಿತ್ತು. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳು; ಮುಗಿದರೆ ಮತ್ತೆ ಪ್ರಭವ. ತಾನು ಹುಟ್ಟಿದ ಸಂವತ್ಸರ ಮರಳಿ ಬಂದುದನ್ನು ಕಂಡವನಿಗೆ ಷಷ್ಟ್ಯಬ್ದಿ ಶಾಂತಿ ಮಾಡುತ್ತಾರೆ. ಸುತ್ತು ತಿರುಗುವ ಈ ಹೆಸರುಗಳಲ್ಲಿ ಕೆಲವು ನೆನಪಿಗೆ ಗೂಟ ಹೊಡೆದಂತೆ ನಿಂತವು. 1876–78ರ ಭೀಕರ ಕ್ಷಾಮ ಕನ್ನಡ ನಾಡಿನಲ್ಲಿ ಧಾತು-ಈಶ್ವರ ಬರವೆಂದೇ ಹೆಸರಾಯಿತು. ಅದು ಹಬ್ಬಿದ್ದ ಎರಡು ಸಂವತ್ಸರಗಳ ಹೆಸರು ಅವು. ಮುಂಬೈ ಪ್ರಾಂತ್ಯದ ಧಾರವಾಡ, ಬಿಜಾಪುರ ಸೀಮೆಗಳೂ ಮೈಸೂರು ಸಂಸ್ಥಾನವೂ ಆಗ ಒಂದೇ ಬಗೆಯಲ್ಲಿ ನಲುಗಿದವು. ನಂತರ ಬಂದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಕೂಡ ಇಂಥವೇ ಗೂಟಗಳು. ವಯಸ್ಸು ಕೇಳಿದರೆ ಪ್ಲೇಗಿಗೆ ಊರು ಬಿಟ್ಟಾಗ ಇಷ್ಟೆತ್ತರ ಇದ್ದೆ ಎಂದು ಕೈ ತೋರಿಸುವುದೇ ಉತ್ತರ. ಜನಗಣತಿಯವರು ಕೊನೆಗೆ ಈ ಪದ್ಧತಿಗೇ ಶರಣಾಗಿ, ಹಿಂದಿನ ಬರ, ನೆರೆ, ರೋಗಗಳ ಪಟ್ಟಿ ಹಿಡಿದು ಮುದುಕರ ವಯಸ್ಸನ್ನು ಅಂದಾಜು ಮಾಡುತ್ತಿದ್ದರು. ಒಳ್ಳೆಯ ವರ್ಷಗಳಿಗೆ ಇಂಥ ಹೆಸರು ಉಳಿಯಲಿಲ್ಲ. ನೆನಪಿನಲ್ಲಿ ಅವು ಒಂದರೊಳಗೊಂದು ಕರಗಿ ಗಿಡ್ಡವಾದವು.

ಅರಸರ ಕಾಲಗಣನೆ ಇನ್ನೊಂದು ದಾರಿ ಹಿಡಿಯಿತು. ಬಾದಾಮಿಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಬರೆಸಿದ ಶಾಸನ ಶಕ 465ರದು, ಅಂದರೆ ಕ್ರಿ.ಶ. 543ರದು. ಐಹೊಳೆಯಲ್ಲಿ ರವಿಕೀರ್ತಿ ತನ್ನ ಕಾಲವನ್ನು ಶಕ 556 ಎಂದೂ ಭಾರತ ಯುದ್ಧದಿಂದ 3735 ವರ್ಷ ಎಂದೂ ಎರಡು ಬಗೆಯಲ್ಲಿ ಹೇಳುತ್ತಾನೆ. ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದವನೇ ಶಕವರ್ಷವನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮವರ್ಷವನ್ನು ಆರಂಭಿಸಿದ. ಹಾವೇರಿ, ಹಾನಗಲ್ಲು, ರಾಣೆಬೆನ್ನೂರು ಸುತ್ತಿನ ಎಷ್ಟೋ ದಾನಶಾಸನಗಳು ಈ ಲೆಕ್ಕದಲ್ಲಿವೆ. ವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರ, ಸಂಕ್ರಮಣ ಅಥವಾ ಗ್ರಹಣ, ಇಷ್ಟನ್ನೂ ಅಡಕವಾಗಿ ಕೆತ್ತಿಸುತ್ತಿದ್ದರು. ಒಂದು ತಪ್ಪಿದ್ದರೆ ಉಳಿದದ್ದರಿಂದ ತಿದ್ದಿಕೊಳ್ಳಬಹುದು ಎಂಬ ಅನುಕೂಲ ಇಂದಿನ ಸಂಶೋಧಕರಿಗೆ ಸಿಕ್ಕಿದ್ದು ಹೀಗೆ. ಕೊಟ್ಟ ಭೂಮಿ ಮಾತ್ರ ಚಂದ್ರಸೂರ್ಯರು ಇರುವ ತನಕ ಸಲ್ಲಬೇಕು. ರಾಜನ ವರ್ಷ ಅಷ್ಟು ಬಾಳಲಿಲ್ಲ: ವಿಕ್ರಮಾದಿತ್ಯ ತೀರಿಕೊಂಡ ಮೇಲೆ ಅವನ ಶಕೆ ಕೆಲವು ತಲೆಮಾರು ಬಳಕೆಯಲ್ಲಿದ್ದು ಕಣ್ಮರೆಯಾಯಿತು, ಬದಿಗಿಟ್ಟ ಶಕವರ್ಷವೇ ಮರಳಿತು.

ಕಂದಾಯ ವಸೂಲಿಗೆ ಬಂದ ಆಡಳಿತಗಳು ಹೊಲದ ಲೆಕ್ಕಕ್ಕೇ ಬಗ್ಗಬೇಕಾಯಿತು. ಹಿಜರಿ ವರ್ಷ ಪೂರಾ ಚಾಂದ್ರಮಾನದ್ದು, ಋತುಗಳ ಹಿಡಿತವಿಲ್ಲದ್ದು. ಸುಗ್ಗಿ ಬರುವ ಮೊದಲೇ ಕಂತು ಕೇಳಿದಂತಾಗುತ್ತಿತ್ತು. ಆದ್ದರಿಂದ ದಖ್ಖನಿನಲ್ಲಿ ಅರಬಿ ಅಂಕಿಗಳನ್ನು ಇಟ್ಟುಕೊಂಡು ಸೌರವರ್ಷಕ್ಕೆ ಹೊಂದಿಸಿದ ಶುಹೂರ್ ಸನ್ ರೂಢಿಗೆ ಬಂತು. ಸೂರ್ಯ ಮೃಗಶಿರ ನಕ್ಷತ್ರವನ್ನು ಹೊಕ್ಕ ದಿನ ಅದರ ವರ್ಷಾರಂಭ. ಮರಾಠರ ದಫ್ತರಗಳಲ್ಲಿ ಅದಕ್ಕೆ ಮೃಗಸಾಲ ಎಂಬ ಹೆಸರೂ ಉಂಟು. ಅರಬಿ ಅಂಕಿ, ಸಂಸ್ಕೃತದ ನಕ್ಷತ್ರ, ಮೋಡಿ ಬರಹ, ಕನ್ನಡದ ಹೊಲ: ನಾಲ್ಕೂ ಒಂದೇ ಕಾಗದದ ಮೇಲೆ ಕೂಡಿದ್ದು ರೈತ ಬಿತ್ತುವ ಹೊತ್ತಿನ ದೆಸೆಯಿಂದ. ಟಿಪ್ಪು ಸುಲ್ತಾನ ತಿಂಗಳುಗಳಿಗೆ ಹೊಸ ಹೆಸರಿಟ್ಟು ಹೊಸ ಶಕೆಯನ್ನೇ ತಂದಿದ್ದ. ಅದು ಅವನೊಂದಿಗೇ ಮುಗಿಯಿತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಸಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಹಾದಿಯಲ್ಲಿವೆ. ಬ್ಯಾಡಗಿ ಮತ್ತು ರಾಣೆಬೆನ್ನೂರಿನ ನಡುವೆ ದೇವರಗುಡ್ಡದ ಹೆಸರಿನದೇ ನಿಲ್ದಾಣವೂ ಇದೆ. ಅಲ್ಲಿಯವರೆಗೆ ಊರಿಗೊಂದು ಮಧ್ಯಾಹ್ನವಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ರೈಲಿಗೆ ಮಾತ್ರ ಒಂದೇ ಹೊತ್ತು ಬೇಕು. ಭಾರತದ ರೈಲುಗಳು ಆಗ ನಡೆಯುತ್ತಿದ್ದುದು ಮದ್ರಾಸ್ ವೀಕ್ಷಣಾಲಯದ ಸಮಯಕ್ಕೆ. ಅಲ್ಲಿಂದ ತಂತಿಯ ಮೂಲಕ ಸಮಯದ ಸಂಕೇತ ಹೋಗುತ್ತಿತ್ತು. ಮದ್ರಾಸ್ ಸಮಯ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದು, ಮುಂಬೈ ಸಮಯ 4 ಗಂಟೆ 51 ನಿಮಿಷ. ರೇಖಾಂಶದ ಪ್ರಕಾರ ದೇವರಗುಡ್ಡದ ಸ್ವಂತ ಸಮಯ ಸುಮಾರು 5 ಗಂಟೆ 2 ನಿಮಿಷ. ಅಂದರೆ ಜಿಲ್ಲೆ ಮುಂಬೈ ಪ್ರಾಂತ್ಯದ್ದು, ರೈಲು ಮದ್ರಾಸಿನ ಗಡಿಯಾರದ್ದು, ಸೂರ್ಯ ಎರಡಕ್ಕೂ ಸೇರದವನು. ನೆತ್ತಿಯ ಸೂರ್ಯನನ್ನು ನಂಬಿ ಹನ್ನೆರಡರ ಗಾಡಿ ಹಿಡಿಯಲು ಹೊರಟವನಿಗೆ ಗಾಡಿ ಸಿಗುತ್ತಿರಲಿಲ್ಲ. ಅದು ಸುಮಾರು 19 ನಿಮಿಷ ಮೊದಲೇ ಹೋಗಿರುತ್ತಿತ್ತು.

ಮುಂಬೈ ನಗರಕ್ಕೆ ಇದು ಮಾನಾಪಮಾನದ ಪ್ರಶ್ನೆಯಾಯಿತು. ಗವರ್ನರ್ ಜೇಮ್ಸ್ ಫರ್ಗುಸನ್ 1881ರಲ್ಲಿ ಸರ್ಕಾರಿ ಕಚೇರಿಗಳಿಗೆ ಮದ್ರಾಸ್ ಸಮಯವನ್ನು ಹೇರಿದಾಗ ಪ್ರತಿಭಟನೆ ಎದ್ದು, ಎರಡು ವರ್ಷದಲ್ಲಿ ಅದನ್ನು ಹಿಂದೆಗೆಯಬೇಕಾಯಿತು. 1906ರ ಜನವರಿ 1ರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದರೂ ಮುಂಬೈ ತನ್ನ ಸಮಯವನ್ನು 1955ರವರೆಗೆ ಪೂರ್ತಿ ಬಿಡಲಿಲ್ಲ. ದೇವರಗುಡ್ಡದ ಲೆಕ್ಕದಲ್ಲಿ ಪ್ರಮಾಣ ಸಮಯ ಮದ್ರಾಸಿಗಿಂತಲೂ ದೂರದ್ದು. ಇಲ್ಲಿ ನಡುಹಗಲು ಸರಾಸರಿ 12 ಗಂಟೆ 28 ನಿಮಿಷಕ್ಕೆ. ಭೂಮಿಯ ಅಕ್ಷ ಓರೆಯಾಗಿರುವುದರಿಂದಲೂ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದಲೂ ನವೆಂಬರ್ ಮೊದಲಲ್ಲಿ ಸುಮಾರು 12.11ಕ್ಕೂ ಫೆಬ್ರುವರಿ ನಡುವೆ ಸುಮಾರು 12.42ಕ್ಕೂ ಆಗುತ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ, 1942ರಿಂದ 1945ರವರೆಗೆ, ದೇಶದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಿಟ್ಟಿದ್ದರು. ಆಗ ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಒಂದೂವರೆ. ರಾಹುಕಾಲ, ಗುಳಿಕಕಾಲಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಗಂಟೆ ನಿಮಿಷಗಳಲ್ಲಿ ಅಚ್ಚು ಹಾಕುವ ರೂಢಿ ಬಂದದ್ದೂ ಪ್ರಮಾಣ ಸಮಯದ ದೆಸೆಯಿಂದ. ಅವು ನಿಜವಾಗಿ ಆಯಾ ಊರಿನ ಸೂರ್ಯೋದಯದಿಂದ ಲೆಕ್ಕ ಹಾಕಬೇಕಾದವು.

ಸರ್ಕಾರ ಪಂಚಾಂಗಗಳನ್ನೂ ಒಂದುಗೂಡಿಸಲು ನೋಡಿತು. ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿ 1952ರಲ್ಲಿ ರಚನೆಯಾಗಿ ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು ಮೂವತ್ತು ಪಂಚಾಂಗಗಳನ್ನು ಪರಿಶೀಲಿಸಿತು. ಋತುಗಳಿಗೆ ಹೊಂದುವ ರಾಷ್ಟ್ರೀಯ ಶಕ ಕ್ಯಾಲೆಂಡರ್ 1957ರ ಮಾರ್ಚ್ 22ರಂದು ಜಾರಿಗೆ ಬಂತು. ಆಕಾಶವಾಣಿಯಲ್ಲಿ, ಗೆಜೆಟ್‌ನಲ್ಲಿ ಅದು ಉಳಿದಿದೆ. ಹೊಲಕ್ಕೂ ಗುಡಿಗೂ ಇಳಿಯಲಿಲ್ಲ; ಯಾವ ಲೇವಾದೇವಿಯೂ ಅದರ ಮೇಲೆ ನಿಂತಿರದಿದ್ದುದೇ ಕಾರಣವಿರಬೇಕು.

ಮಳೆಯ ಮುನ್ಸೂಚನೆಗೂ ಒಂದು ಕಚೇರಿ ಹುಟ್ಟಿಕೊಂಡಿತ್ತು. 1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಧಾತು-ಈಶ್ವರ ಬರದ ನಂತರ ಕೇಳಿಬಂದ ಒತ್ತಾಯಕ್ಕೆ ಉತ್ತರವಾಗಿ, ಹಿಮಾಲಯದ ಹಿಮದ ಪ್ರಮಾಣ ನೋಡಿ 1886ರಲ್ಲಿ ಮುಂಗಾರಿನ ಮೊದಲ ದೀರ್ಘಾವಧಿ ಮುನ್ಸೂಚನೆ ಹೊರಡಿಸಿದ. ಈಗಿನ ಮುನ್ಸೂಚನೆ ದೀರ್ಘಾವಧಿ ಸರಾಸರಿಯ ಶೇಕಡಾವಾರು ಲೆಕ್ಕದಲ್ಲಿ, ಇಷ್ಟು ಹೆಚ್ಚು-ಕಡಿಮೆ ಎಂಬ ಅಂತರದೊಂದಿಗೆ ಬರುತ್ತದೆ. ಭವಿಷ್ಯತ್ಕಾಲದ ಆ ಮಾತನ್ನು ಸುಳ್ಳೋ ನಿಜವೋ ಎಂದು ಅಳೆಯಬಹುದು, ಅಳೆಯುತ್ತಾರೆ ಕೂಡ. ಕಾರಣಿಕವನ್ನು ಕೇಳಲು ಹೋಗುವ ರೈತ ಇದನ್ನೂ ಮೊಬೈಲಿನಲ್ಲಿ ನೋಡಿರುತ್ತಾನೆ, ಮಳೆ ನಕ್ಷತ್ರವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿರುತ್ತಾನೆ.

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆದಮೇಲೆ ದೇವರಗುಡ್ಡದ ಜಾತ್ರೆಗೆ ಬರುವ ಬಸ್ಸು, ಬಂದೋಬಸ್ತು ಎಲ್ಲ ಹೊಸ ಜಿಲ್ಲಾ ಕೇಂದ್ರದ ವೇಳಾಪಟ್ಟಿಗೆ ಬಂತು. ಕಾರಣಿಕ ಇಂದು ಟಿವಿ ವಾಹಿನಿಗಳಲ್ಲಿ, ಮೊಬೈಲುಗಳಲ್ಲಿ ಆಡಿದ ನಿಮಿಷದಲ್ಲೇ ಊರೂರಿಗೆ ತಲುಪುತ್ತದೆ. ಹಿಂದೆ ಗೊರವರ ಬಾಯಿಂದ, ಸಂತೆಯಿಂದ ಸಂತೆಗೆ ಸಾಗುತ್ತ ದಾರಿಯಲ್ಲೇ ಅರ್ಥ ಕೂಡಿಸಿಕೊಳ್ಳುತ್ತಿದ್ದ ಮಾತಿಗೆ ಈಗ ಅರ್ಥ ಹಚ್ಚುವ ಕೆಲಸ ಸಂಜೆಯ ಚರ್ಚೆಯಲ್ಲೇ ಮುಗಿಯುತ್ತದೆ. ಮಳೆ-ಬೆಳೆಗಿಂತ ಸರ್ಕಾರದ ಅಳಿವು ಉಳಿವಿನ ಅರ್ಥಕ್ಕೇ ಅಲ್ಲಿ ಹೆಚ್ಚು ಗಿರಾಕಿ. ಗುಡ್ಡದಲ್ಲಿ ನಿಂತು ಕೇಳಿದವರು ಭಂಡಾರ ಹಣೆಗಿಟ್ಟುಕೊಂಡು ಮರುದಿನ ಬನ್ನಿ ಕೊಟ್ಟು, ಹಿಂಗಾರಿನ ಜೋಳಕ್ಕೋ ಕಡಲೆಗೋ ಕೂರಿಗೆ ಹೂಡುತ್ತಾರೆ.